ಸಾಧನ ಹೊರಟಾಗ: ಲಿನಕ್ಸ್ ಕರ್ನಲ್‌ನಲ್ಲಿ ರಿಮೂವ್ ಕಾಲ್‌ಬ್ಯಾಕಿನ ಶುದ್ಧೀಕರಣ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಇವತ್ತಿನ ಮಾತೆಲ್ಲ ಒಂದೇ ಒಂದು ಫಂಕ್ಷನ್ನಿನ ಸುತ್ತ. ಲಿನಕ್ಸ್ ಕರ್ನಲ್‌ನ ಒಂದು ಸಾಧನ ಡ್ರೈವರನ್ನು ತೆರೆದು ನೋಡಿದರೆ ಅದರಲ್ಲಿ ಎರಡು ಫಂಕ್ಷನ್‌ಗಳು ಎದ್ದು ಕಾಣುತ್ತವೆ. ಸಾಧನ ಸಿಕ್ಕಿತು, ಇನ್ನು ನೀನು ನೋಡಿಕೋ ಎಂದು ಕರ್ನಲ್ ಕರೆಯುವುದು ಪ್ರೋಬ್. ಸಾಧನ ಹೋಗುತ್ತಿದೆ, ನಿನ್ನದನ್ನೆಲ್ಲ ತೆಗೆದುಕೋ ಎಂದು ಕರೆಯುವುದು ರಿಮೂವ್. ಕರ್ನಲ್ ಹೀಗೆ ತಾನಾಗಿ ಕರೆಯುವ ಫಂಕ್ಷನ್ನಿಗೆ ಕಾಲ್‌ಬ್ಯಾಕ್ ಎನ್ನುತ್ತಾರೆ. ಪ್ರೋಬ್ ಬಗ್ಗೆ ಪುಸ್ತಕಗಳು ಅಧ್ಯಾಯಗಟ್ಟಲೆ ಬರೆಯುತ್ತವೆ, ತರಗತಿಗಳಲ್ಲಿ ಪಾಠವಾಗುತ್ತದೆ. ರಿಮೂವ್ ಮಾತ್ರ ಪ್ರತಿ ಪಾಠದ ಕೊನೆಯ ಐದು ನಿಮಿಷಕ್ಕೆ ಉಳಿದುಬಿಡುತ್ತದೆ. ಆ ಐದು ನಿಮಿಷದ ಅವಸರದಲ್ಲಿ ಬರೆದ ಸಾಲುಗಳಿಂದಲೇ ಕರ್ನಲ್‌ನ ಅತ್ಯಂತ ಕಷ್ಟದ ದೋಷಗಳಲ್ಲಿ ಹಲವು ಹುಟ್ಟಿವೆ.

ಈ ರಿಮೂವ್ ಫಂಕ್ಷನ್ ಹಲವು ವರ್ಷಗಳ ಕಾಲ ಒಂದು ಪೂರ್ಣಾಂಕವನ್ನು ಹಿಂದಿರುಗಿಸುತ್ತಿತ್ತು. ಸೊನ್ನೆ ಎಂದರೆ ಕೆಲಸ ಸರಿಯಾಯಿತು. ಋಣ ಸಂಖ್ಯೆ ಎಂದರೆ ಏನೋ ಕೆಟ್ಟಿತು. ಸಿ ಭಾಷೆಯಲ್ಲಿ ಬರೆಯುವವರಿಗೆ ಇದು ಉಸಿರಾಟದಷ್ಟು ಸಹಜವಾದ ರೂಢಿ. 2021ರಿಂದ 2024ರ ಕೊನೆಯವರೆಗೆ ಲಿನಕ್ಸ್ ಸಮುದಾಯ ಆ ಪೂರ್ಣಾಂಕವನ್ನು, ಸಾಧನಗಳನ್ನೂ ಡ್ರೈವರುಗಳನ್ನೂ ಜೋಡಿಸುವ ಒಂದೊಂದೇ ಬಸ್‌ನಿಂದ ಕಿತ್ತು ಹಾಕಿತು. ರಿಮೂವ್ ಈಗ ಏನನ್ನೂ ಹಿಂದಿರುಗಿಸುವುದಿಲ್ಲ. ಅದರ ರೀತಿ, ಅಂದರೆ ಟೈಪ್, ಈಗ ವಾಯ್ಡ್. ನೂರಾರು ಸಲ ಒಂದೇ ಬಗೆಯ ಪ್ಯಾಚ್, ಸಾವಿರಕ್ಕೂ ಮಿಕ್ಕಿ ಫೈಲುಗಳು. ಹೊಸ ಸೌಲಭ್ಯ ಒಂದೂ ಬರಲಿಲ್ಲ, ಯಂತ್ರಗಳ ವೇಗ ಎಳ್ಳಷ್ಟೂ ಹೆಚ್ಚಲಿಲ್ಲ. ಆದರೂ ಕಳೆದ ದಶಕದಲ್ಲಿ ಕರ್ನಲ್ ಒಳಗೆ ನಡೆದ ಅತ್ಯಂತ ಗೌರವಾರ್ಹ ಕೆಲಸಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ. ಯಾಕೆ ಎಂದು ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಒಂದು ಮೂಲ ಪ್ರಶ್ನೆ. ಯುಎಸ್‌ಬಿ ಸಾಕೆಟ್ಟಿನಿಂದ ಬಳಕೆದಾರ ಒಂದು ಸಾಧನವನ್ನು ಎಳೆದು ತೆಗೆದ. ಕರ್ನಲ್‌ಗೆ ಅದು ಗೊತ್ತಾಗುವ ಹೊತ್ತಿಗೆ ಸಾಧನ ಅವನ ಕೈಯಲ್ಲಿದೆ. ಡ್ರೈವರಿನ ರಿಮೂವ್ ಆಗ ಓಡಿ, ಇಲ್ಲ, ನನಗೆ ತೊಂದರೆಯಾಗಿದೆ, ಈಗ ಆಗುವುದಿಲ್ಲ ಎಂದು ದೋಷಸಂಖ್ಯೆ ಕೊಟ್ಟರೆ ಅದನ್ನು ಕೇಳಿಸಿಕೊಂಡು ಯಾರು ಏನು ಮಾಡಬೇಕು? ಬಳಕೆದಾರನ ಕೈಯಿಂದ ಸಾಧನವನ್ನು ಕಿತ್ತು ಮತ್ತೆ ಸಿಕ್ಕಿಸಲು ಯಾವ ಸಾಫ್ಟ್‌ವೇರಿಗೂ ಆಗದು. ಯುಎಸ್‌ಬಿ ವಿಭಾಗದ ಡಿಸ್‌ಕನೆಕ್ಟ್ ಮತ್ತು ಪಿಸಿಐ ವಿಭಾಗದ ರಿಮೂವ್ ಬಹಳ ಹಿಂದಿನಿಂದಲೂ ಏನನ್ನೂ ಹಿಂದಿರುಗಿಸದೆ ಇದ್ದದ್ದು ಈ ಕಾರಣಕ್ಕೇ. ಸಾಧನ ಕಣ್ಣೆದುರಿಗೇ ಮಾಯವಾಗುವ ಜಗತ್ತಿನಲ್ಲಿ ಬೆಳೆದವರಿಗೆ ಆ ಸತ್ಯ ಬೇಗ ತಿಳಿಯಿತು.

ತಿಳಿಯದೆ ಉಳಿದದ್ದು ಬೇರೆ ಕಡೆ. ಕರ್ನಲ್‌ನಲ್ಲಿ ಪ್ಲಾಟ್‌ಫಾರ್ಮ್ ಬಸ್ ಎಂಬುದೊಂದಿದೆ. ಅದು ತಂತಿಗಳಿರುವ ನಿಜವಾದ ಬಸ್ ಅಲ್ಲ. ತಮ್ಮ ಇರವನ್ನು ತಾವೇ ಸಾರಿ ಹೇಳಲಾರದ ಸಾಧನಗಳಿಗೆಲ್ಲ ಕರ್ನಲ್ ಕೊಟ್ಟಿರುವ ಒಂದು ನೆಲೆ. ನಿಮ್ಮ ಮೊಬೈಲಿನ ಮುಖ್ಯ ಚಿಪ್ಪಿನೊಳಗಿರುವ ಸೀರಿಯಲ್ ಪೋರ್ಟ್, ಐ2ಸಿ ನಿಯಂತ್ರಕ, ಟೈಮರ್, ಜಿಪಿಐಒ, ಡಿಎಂಎ ಎಂಜಿನ್ ಇವೆಲ್ಲ ಇಲ್ಲಿ ವಾಸಿಸುತ್ತವೆ. ಇವು ಎಲ್ಲಿವೆ, ಯಾವ ವಿಳಾಸದಲ್ಲಿವೆ ಎಂಬುದನ್ನು ಡಿವೈಸ್ ಟ್ರೀ ಎಂಬ ವಿವರಣೆಯಿಂದ ಕರ್ನಲ್ ಓದಿಕೊಳ್ಳುತ್ತದೆ. ಇಂಥ ಡ್ರೈವರುಗಳನ್ನು ಬರೆಯುವ ಎಂಜಿನಿಯರುಗಳು ನಮ್ಮ ಬೆಂಗಳೂರಿನಲ್ಲೇ ದೊಡ್ಡ ಸಂಖ್ಯೆಯಲ್ಲಿದ್ದಾರೆ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆದಾಗಿನಿಂದ ಚಿಪ್ಪುಗಳ ಕೆಲಸ ಈ ಊರಿನ ಕಸುಬುಗಳಲ್ಲೊಂದಾಗಿದೆ. ಹಾಗಾಗಿ ಈ ವಿಷಯ ಎಲ್ಲೋ ದೂರದ್ದಲ್ಲ. ಈ ಸಭೆಯಲ್ಲಿ ಕೂತಿರುವ ಕೆಲವರ ನಾಳಿನ ಉದ್ಯೋಗದ ವಿಷಯ.

ಚಿಪ್ಪಿನೊಳಗೆ ಸಿಲಿಕಾನ್‌ನಲ್ಲೇ ಕೆತ್ತಿದ ಸೀರಿಯಲ್ ಪೋರ್ಟನ್ನು ಯಾರು ಕಿತ್ತು ತೆಗೆಯುತ್ತಾರೆ, ಅದಕ್ಕೇಕೆ ರಿಮೂವ್ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಏನೆಂದರೆ, ರಿಮೂವ್ ಓಡಲು ಸಾಧನ ಭೌತಿಕವಾಗಿ ಹೋಗಬೇಕೆಂದಿಲ್ಲ. ಡ್ರೈವರ್ ಮಾಡ್ಯೂಲನ್ನು ಇಳಿಸಿದಾಗ ಅದು ಓಡುತ್ತದೆ. ಸಿಸ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಬಹುತೇಕ ಪ್ರತಿ ಡ್ರೈವರಿಗೂ ಅನ್‌ಬೈಂಡ್ ಎಂಬ ಒಂದು ಫೈಲಿರುತ್ತದೆ; ನಿರ್ವಾಹಕರು ಅದರೊಳಗೆ ಸಾಧನದ ಹೆಸರು ಬರೆದರೆ ಸಾಕು, ರಿಮೂವ್ ಓಡುತ್ತದೆ. ಡಿವೈಸ್ ಟ್ರೀಯ ಮೇಲೆ ಹೊದಿಸಿದ ಒಂದು ಪದರವನ್ನು ತೆಗೆದಾಗ ಓಡುತ್ತದೆ. ತಾಯಿ ಸಾಧನ ಹೋದಾಗ ಮಕ್ಕಳಿಗೂ ಓಡುತ್ತದೆ: ಯುಎಸ್‌ಬಿಯಲ್ಲಿ ಸಿಕ್ಕಿಸಿದ ಒಂದು ಸಣ್ಣ ಪೆಟ್ಟಿಗೆಯೊಳಗೆ ಜಿಪಿಐಒ ಇರಬಹುದು, ಐ2ಸಿ ಇರಬಹುದು, ಅವುಗಳ ಡ್ರೈವರುಗಳು ಪ್ಲಾಟ್‌ಫಾರ್ಮ್ ಡ್ರೈವರುಗಳೇ ಆಗಿರಬಹುದು. ಕಿತ್ತ ಕೈಗೆ ಇದೊಂದೂ ಗೊತ್ತಿರುವುದಿಲ್ಲ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಬಿಡಿಸಿ ಹೇಳಬೇಕು. ಮಾಡ್ಯೂಲ್ ಬಳಕೆಯಲ್ಲಿದ್ದರೆ ಕರ್ನಲ್ ಅದನ್ನು ಇಳಿಸಲು ಒಪ್ಪುವುದಿಲ್ಲ, ಹಾಗಾಗಿ ಯಾರಾದರೂ ಸಾಧನ ಬಳಸುತ್ತಿರುವಾಗ ರಿಮೂವ್ ಓಡುವುದೇ ಇಲ್ಲ ಎಂದು ಅನುಭವಿಗಳೂ ಭಾವಿಸುವುದುಂಟು. ಮೊದಲರ್ಧ ನಿಜ. ಆದರೆ ಆ ಲೆಕ್ಕ ಕಾಯುವುದು ಮಾಡ್ಯೂಲಿನ ಕೋಡನ್ನು ಮಾತ್ರ, ಸಾಧನವನ್ನಲ್ಲ. ಒಬ್ಬ ಬಳಕೆದಾರ ಸಾಧನದ ಫೈಲನ್ನು ತೆರೆದಿಟ್ಟು ಓದುತ್ತಿರುವಾಗಲೇ ಇನ್ನೊಬ್ಬ ಅನ್‌ಬೈಂಡ್ ಮಾಡಿದರೆ ಕರ್ನಲ್ ಯಾರನ್ನೂ ಕೇಳದೆ ರಿಮೂವ್ ಓಡಿಸುತ್ತದೆ.

ಹಾಗಾದರೆ ರಿಮೂವ್ ಕೊಡುತ್ತಿದ್ದ ದೋಷಸಂಖ್ಯೆಯನ್ನು ಕರ್ನಲ್ ಏನು ಮಾಡುತ್ತಿತ್ತು? ಬಿಸಾಡುತ್ತಿತ್ತು. ಇದನ್ನು ಮೊದಲ ಸಲ ತಿಳಿದಾಗ ಹಲವರು ನಂಬುವುದಿಲ್ಲ. ಡ್ರೈವರ್ ಕೋರ್ ಎಂಬ ಭಾಗ ಬಸ್‌ನ ಮೂಲಕ ರಿಮೂವ್ ಕರೆಯುತ್ತದೆ; ಅದು ಮರಳಿದ ಮೇಲೆ, ಏನೇ ಉತ್ತರ ಬಂದಿರಲಿ, ಆ ಸಾಧನಕ್ಕೆ ಡ್ರೈವರ್ ಪರವಾಗಿ ತಾನು ಕಾದಿಟ್ಟಿದ್ದ ಸಂಪನ್ಮೂಲಗಳನ್ನೆಲ್ಲ ಬಿಡುಗಡೆ ಮಾಡಿ, ಸಾಧನಕ್ಕೂ ಡ್ರೈವರಿಗೂ ಇದ್ದ ನಂಟನ್ನು ಕಡಿದು ಮುಂದೆ ಹೋಗುತ್ತದೆ. ಪ್ಲಾಟ್‌ಫಾರ್ಮ್ ಬಸ್‌ನಲ್ಲಿ ಒಂದು ಹಂತದಲ್ಲಿ, ಸೊನ್ನೆಯಲ್ಲದ ಉತ್ತರ ಬಂದಿದೆ, ಅದನ್ನು ಕಡೆಗಣಿಸಲಾಗುವುದು ಎಂಬರ್ಥದ ಎಚ್ಚರಿಕೆ ಮುದ್ರಿಸುವುದನ್ನು ಸೇರಿಸಿದರು. ಅದಕ್ಕೂ ಮುಂಚೆ ಅಷ್ಟೂ ಇರಲಿಲ್ಲ.

ಬೇಡದ ಉತ್ತರವೊಂದು ಕಸದ ಬುಟ್ಟಿಗೆ ಹೋದರೆ ನಷ್ಟವೇನು ಎನ್ನಬಹುದು. ನಷ್ಟ ಇರುವುದು ಆ ಉತ್ತರವನ್ನು ಬರೆದ ಲೇಖಕನ ಮನಸ್ಸಿನಲ್ಲಿ. ಫಂಕ್ಷನ್ ಪೂರ್ಣಾಂಕ ಹಿಂದಿರುಗಿಸುತ್ತದೆ ಎಂದು ಕಂಡ ಕೂಡಲೇ ಡ್ರೈವರ್ ಬರೆಯುವವನಿಗೆ ಒಂದು ಭರವಸೆ ಸಿಗುತ್ತದೆ: ತೊಂದರೆಯಾದರೆ ದೋಷಸಂಖ್ಯೆ ಕೊಟ್ಟು ಅರ್ಧದಲ್ಲೇ ಹೊರಬರಬಹುದು, ಕರೆದವರು ನೋಡಿಕೊಳ್ಳುತ್ತಾರೆ, ಬಹುಶಃ ಇನ್ನೊಮ್ಮೆ ಕರೆಯುತ್ತಾರೆ. ಯಾರೂ ಇನ್ನೊಮ್ಮೆ ಕರೆಯುವುದಿಲ್ಲ. ಅವನು ಅರ್ಧಕ್ಕೆ ಬಿಟ್ಟ ಕೆಲಸ ಶಾಶ್ವತವಾಗಿ ಅರ್ಧಕ್ಕೇ ನಿಲ್ಲುತ್ತದೆ.

ಒಂದು ಮಾದರಿಯನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಹತ್ತಾರು ಡ್ರೈವರುಗಳಲ್ಲಿ ಕಂಡುಬಂದದ್ದು ಇದೇ. ವಿದ್ಯುತ್ ಉಳಿಸಲು ಕರ್ನಲ್ ಬಳಕೆಯಲ್ಲಿಲ್ಲದ ಸಾಧನಗಳನ್ನು ಮಲಗಿಸಿರುತ್ತದೆ. ಇದು ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್. ಒಂದು ಐ2ಸಿ ನಿಯಂತ್ರಕದ ಡ್ರೈವರ್ ತನ್ನ ರಿಮೂವ್‌ನಲ್ಲಿ ಮೊದಲು ಸಾಧನವನ್ನು ಎಬ್ಬಿಸುತ್ತದೆ, ಯಾಕೆಂದರೆ ಅದರ ರಿಜಿಸ್ಟರುಗಳಿಗೆ ಬರೆದು ಅದನ್ನು ನಿಲ್ಲಿಸಬೇಕು. ಎಬ್ಬಿಸುವ ಪ್ರಯತ್ನ ವಿಫಲವಾದರೆ? ಲೇಖಕ ಶಿಸ್ತಿನವನು, ದೋಷವನ್ನು ಪರೀಕ್ಷಿಸಿ, ದೋಷಸಂಖ್ಯೆ ಹಿಂದಿರುಗಿಸಿ ಹೊರಬಂದಿದ್ದಾನೆ. ಕೋಡ್ ಓದುವವರ ಕಣ್ಣಿಗೆ ಇದು ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ ಆ ಸಾಲಿನ ಕೆಳಗೆ, ಈ ನಿಯಂತ್ರಕ ಇನ್ನಿಲ್ಲ ಎಂದು ಐ2ಸಿ ವಿಭಾಗಕ್ಕೆ ತಿಳಿಸುವ ಕರೆಯಿತ್ತು. ಡಿಎಂಎ ಚಾನಲ್ಲನ್ನು ಬಿಟ್ಟುಕೊಡುವ ಕರೆಯಿತ್ತು. ಕ್ಲಾಕ್ ಆರಿಸುವ ಕರೆಯಿತ್ತು. ಇವೊಂದೂ ಓಡಲಿಲ್ಲ. ಇತ್ತ ಡ್ರೈವರ್ ಕೋರ್, ಉತ್ತರ ಕೇಳದೆ, ರಿಜಿಸ್ಟರುಗಳ ಮ್ಯಾಪಿಂಗನ್ನೂ ಡ್ರೈವರಿನ ಖಾಸಗಿ ಮೆಮೊರಿಯನ್ನೂ ವಾಪಸು ಪಡೆಯಿತು. ಈಗ ಐ2ಸಿ ವಿಭಾಗದ ಪಟ್ಟಿಯಲ್ಲಿ ಒಂದು ನಿಯಂತ್ರಕವಿದೆ. ಅದರ ಹಿಂದೆ ಮೆಮೊರಿ ಇಲ್ಲ. ಮುಂದಿನ ಸಲ ಯಾರಾದರೂ ಅದರ ಮೂಲಕ ಒಂದು ಸಂದೇಶ ಕಳಿಸಿದರೆ ಕರ್ನಲ್ ಬಿಡುಗಡೆಯಾದ, ಪ್ರಾಯಶಃ ಇನ್ಯಾರಿಗೋ ಹಂಚಿಕೆಯಾದ ಮೆಮೊರಿಯನ್ನು ತನ್ನದೆಂದು ಓದುತ್ತದೆ. ಯಂತ್ರ ಬೀಳಬಹುದು, ಅಥವಾ ಬೀಳದೆ ಇನ್ನೊಬ್ಬರ ದತ್ತವನ್ನು ಸದ್ದಿಲ್ಲದೆ ಕೆಡಿಸಬಹುದು. ಎರಡನೆಯದೇ ಹೆಚ್ಚು ಭಯಂಕರ.

ಸರಿಯಾದ ದಾರಿ ಏನು? ಸಾಧನ ಏಳಲಿಲ್ಲವೇ, ಒಂದು ಎಚ್ಚರಿಕೆ ಬರೆದು, ರಿಜಿಸ್ಟರುಗಳನ್ನು ಮುಟ್ಟುವ ಸಾಲುಗಳನ್ನು ಮಾತ್ರ ಬಿಟ್ಟುಬಿಡಬೇಕು. ಉಳಿದ ಬಿಡುಗಡೆಗಳೆಲ್ಲ ನಡೆಯಲೇಬೇಕು. ಹಾರ್ಡ್‌ವೇರಿಗೆ ಸಂಬಂಧಿಸಿದ್ದು ವಿಫಲವಾಗಬಹುದು. ಸಾಫ್ಟ್‌ವೇರಿನ ಲೆಕ್ಕ ಚುಕ್ತಾ ಮಾಡುವುದು ವಿಫಲವಾಗುವಂತಿಲ್ಲ. ಪ್ರೋಬ್‌ಗೂ ರಿಮೂವ್‌ಗೂ ಇರುವ ಅಸಮಾನತೆ ಇದೇ. ಪ್ರೋಬ್ ಸೋಲಬಹುದು, ಬೇಕಾದ ಕ್ಲಾಕ್ ಇನ್ನೂ ಸಿದ್ಧವಿಲ್ಲ, ಆಮೇಲೆ ಬಾ ಎಂದು ಹೇಳಲು ಅದಕ್ಕೆ ವಿಶೇಷ ದೋಷಸಂಖ್ಯೆಯೇ ಇದೆ, ಕರ್ನಲ್ ಅದನ್ನು ಗೌರವಿಸಿ ಮತ್ತೆ ಕರೆಯುತ್ತದೆ. ರಿಮೂವ್‌ಗೆ ಆ ಅವಕಾಶವಿಲ್ಲ. ಇನ್ನೊಂದು ಸಣ್ಣ ಮಾತು: ರಿಮೂವ್ ಓಡುವುದು ಪ್ರೋಬ್ ಪೂರ್ತಿ ಯಶಸ್ವಿಯಾಗಿದ್ದರೆ ಮಾತ್ರ. ಆದರೂ ಅನೇಕ ಡ್ರೈವರುಗಳ ರಿಮೂವ್, ನನ್ನ ಖಾಸಗಿ ದತ್ತ ಇದೆಯೇ, ಇಲ್ಲದಿದ್ದರೆ ದೋಷ ಎಂಬ ಪರೀಕ್ಷೆಯಿಂದ ಆರಂಭವಾಗುತ್ತಿತ್ತು. ಎಂದೂ ನಿಜವಾಗದ ಸ್ಥಿತಿಗೆ ಕಾವಲು. ಅಂಥ ಸಾಲುಗಳನ್ನೂ ಈ ಶುದ್ಧೀಕರಣದಲ್ಲಿ ತೆಗೆದರು.

ಬೇರೆ ಕರ್ನಲ್‌ಗಳು ಇದನ್ನು ಹೇಗೆ ಯೋಚಿಸಿದವು ಎಂದು ನೋಡುವುದು ಲಾಭದಾಯಕ. ವಿಂಡೋಸ್ ಈ ವಿಷಯದಲ್ಲಿ ಸ್ಪಷ್ಟವಾಗಿ ಯೋಚಿಸಿದೆ. ಅಲ್ಲಿ ಮೊದಲು ಒಂದು ಪ್ರಶ್ನೆ ಹೋಗುತ್ತದೆ: ಈ ಸಾಧನವನ್ನು ತೆಗೆಯಬಹುದೇ? ಅದಕ್ಕೆ ಡ್ರೈವರ್ ಬೇಡವೆನ್ನಬಹುದು. ಒಪ್ಪಿಗೆ ಸಿಕ್ಕ ಮೇಲೆ ಬರುವ ತೆಗೆಯುವ ಆದೇಶಕ್ಕೆ ಬೇಡವೆನ್ನುವಂತಿಲ್ಲ. ಕೇಳದೆಯೇ ಕಿತ್ತುಹೋದ ಸಾಧನಕ್ಕೆ ಸರ್‌ಪ್ರೈಸ್ ರಿಮೂವಲ್ ಎಂಬ ಪ್ರತ್ಯೇಕ ಸಂದೇಶ ಇದೆ. ಅಂದರೆ ಪ್ರಶ್ನೆಯನ್ನೂ ಆದೇಶವನ್ನೂ ಅವರು ಬೇರೆಬೇರೆ ಇಟ್ಟರು. ಫ್ರೀಬಿಎಸ್‌ಡಿಯಲ್ಲಿ ಡಿಟ್ಯಾಚ್ ಫಂಕ್ಷನ್ ಇವತ್ತಿಗೂ ದೋಷಸಂಖ್ಯೆ ಕೊಡುತ್ತದೆ, ಸಾಧನ ಬಳಕೆಯಲ್ಲಿದ್ದರೆ ನಿರಾಕರಿಸಬಹುದು, ಮತ್ತು ಆ ನಿರಾಕರಣೆಗೆ ಅಲ್ಲಿ ಬೆಲೆಯಿದೆ. ಲಿನಕ್ಸ್‌ನಲ್ಲಿ ಇದ್ದದ್ದು ಇವೆರಡರ ನಡುವಿನ, ಸಮರ್ಥನೆಯಿಲ್ಲದ ಸ್ಥಿತಿ: ರೂಪದಲ್ಲಿ ಪ್ರಶ್ನೆ, ನಡೆಯಲ್ಲಿ ಆದೇಶ. ಲೇಖಕ ರೂಪವನ್ನು ನಂಬಿದ, ಕರ್ನಲ್ ನಡೆಯನ್ನು ಬಿಡಲಿಲ್ಲ. ಒಂದು ಫಂಕ್ಷನ್ನಿನ ರೀತಿ ಸುಳ್ಳು ಹೇಳಿದರೆ ಅದನ್ನು ಓದಿ ಬರೆಯುವ ಸಾವಿರ ಜನ ಆ ಸುಳ್ಳನ್ನು ಪ್ರಾಮಾಣಿಕವಾಗಿ ಪಾಲಿಸುತ್ತಾರೆ. ನಾನು ಈ ಉಪನ್ಯಾಸಕ್ಕೆ ಒಪ್ಪಿಕೊಂಡದ್ದು ಈ ಒಂದು ಮಾತನ್ನು ಹೇಳುವುದಕ್ಕಾಗಿ.

ಇನ್ನು ಕೆಲಸ ನಡೆದ ಬಗೆ. ಇದರ ಹಿಂದಿನ ಮುಖ್ಯ ಶ್ರಮ ಉವೆ ಕ್ಲೈನ್-ಕ್ಯೋನಿಗ್ ಎಂಬ ಜರ್ಮನ್ ಡೆವಲಪರ್ ಅವರದು. 2021ರಲ್ಲಿ ಅವರು ಬುಡಕ್ಕೇ ಕೈ ಹಾಕಿದರು: ಬಸ್‌ಗಳು ಡ್ರೈವರ್ ಕೋರ್‌ಗೆ ಕೊಡುವ ರಿಮೂವ್ ಕಾಲ್‌ಬ್ಯಾಕನ್ನೇ ವಾಯ್ಡ್ ಮಾಡಿದ ಬದಲಾವಣೆ ಲಿನಕ್ಸ್ 5.15ಕ್ಕೆ ಬಂತು. ಕೋರ್ ಉತ್ತರವನ್ನು ನೋಡುವುದಿಲ್ಲ ಎಂಬ ಸತ್ಯ ಅಲ್ಲಿಗೆ ಅಧಿಕೃತವಾಯಿತು. ಮುಂದೆ ಎಸ್‌ಪಿಐ ಬಸ್, 5.18ರಲ್ಲಿ. ಆಮೇಲೆ ಐ2ಸಿ, 2022ರ ಡಿಸೆಂಬರಿನಲ್ಲಿ ಬಿಡುಗಡೆಯಾದ 6.1ರಲ್ಲಿ. ಐ2ಸಿಯಲ್ಲಿ ಅವರು ಅನುಸರಿಸಿದ ಕ್ರಮ ಕಲಿಯುವಂಥದ್ದು. ಮೊದಲು ದೋಷಸಂಖ್ಯೆ ಕೊಡುತ್ತಿದ್ದ ಡ್ರೈವರುಗಳನ್ನು ಒಂದೊಂದಾಗಿ ಹುಡುಕಿ, ಪ್ರತಿಯೊಂದರಲ್ಲೂ ಅರ್ಧದಲ್ಲಿ ಹೊರಬರುವ ದಾರಿಗಳನ್ನು ಮುಚ್ಚಿ, ಎಲ್ಲವೂ ಸೊನ್ನೆಯನ್ನೇ ಕೊಡುವಂತೆ ಮಾಡಿದರು. ಎಲ್ಲ ಡ್ರೈವರುಗಳೂ ಸೊನ್ನೆಗೆ ಬಂದ ಮೇಲೆ ರೀತಿಯನ್ನು ಬದಲಿಸುವುದು ಅರ್ಥದಲ್ಲಿ ಏನೂ ವ್ಯತ್ಯಾಸ ಮಾಡದ ಕೆಲಸವಾಗುತ್ತದೆ. ನೂರಾರು ಫೈಲುಗಳನ್ನು ಒಂದೇ ಪ್ಯಾಚ್‌ನಲ್ಲಿ ತಿದ್ದಬಹುದು, ಯಾವುದಾದರೂ ತಪ್ಪಿಸಿಕೊಂಡಿದ್ದರೆ ಕಂಪೈಲರೇ ಹಿಡಿದುಕೊಡುತ್ತದೆ. ಕಷ್ಟವನ್ನು ಮೊದಲೇ ಚಿಕ್ಕಚಿಕ್ಕದಾಗಿ ಕರಗಿಸಿ, ದೊಡ್ಡ ಹೆಜ್ಜೆಯನ್ನು ಸಪ್ಪೆಯಾಗಿಸುವುದು ಒಳ್ಳೆಯ ಎಂಜಿನಿಯರಿಂಗಿನ ಲಕ್ಷಣ.

ಪ್ಲಾಟ್‌ಫಾರ್ಮ್ ಬಸ್ ಅಷ್ಟು ಸುಲಭಕ್ಕೆ ಬಗ್ಗುವಂಥದ್ದಾಗಿರಲಿಲ್ಲ. ಅದರ ಡ್ರೈವರುಗಳು ಕರ್ನಲ್‌ನ ಬಹುಪಾಲು ಎಲ್ಲ ವಿಭಾಗಗಳಲ್ಲಿ ಹಂಚಿಹೋಗಿವೆ; ಪ್ರತಿ ವಿಭಾಗಕ್ಕೂ ಬೇರೆ ಮೇಲ್ವಿಚಾರಕರು, ಬೇರೆ ಗತಿ. ಎಲ್ಲವನ್ನೂ ಒಂದೇ ದಿನ ತಿರುಗಿಸುವುದು ಅಸಾಧ್ಯ. ಆದ್ದರಿಂದ 2023ರ ಏಪ್ರಿಲ್‌ನ 6.3ರಲ್ಲಿ ಹಳೆಯ ರಿಮೂವ್ ಪಕ್ಕದಲ್ಲೇ ರಿಮೂವ್ ನ್ಯೂ ಎಂಬ ಇನ್ನೊಂದು ಕಾಲ್‌ಬ್ಯಾಕ್ ಇಟ್ಟರು, ಅದು ವಾಯ್ಡ್. ಪ್ರತಿ ಡ್ರೈವರೂ ತನಗೆ ಅನುಕೂಲವಾದಾಗ ಹಳೆಯದರಿಂದ ಹೊಸದಕ್ಕೆ ದಾಟಿಕೊಳ್ಳಬಹುದು. ಮುಂದಿನ ಒಂದೂವರೆ ವರ್ಷ ವಿಭಾಗದ ಮೇಲೆ ವಿಭಾಗ ಈ ಪ್ಯಾಚ್‌ಗಳು ಹರಿದವು. ಬಹುತೇಕ ಎಲ್ಲಕ್ಕೂ ಅದೇ ವಿವರಣೆ, ಅದೇ ಎರಡು ಮೂರು ಸಾಲಿನ ಬದಲಾವಣೆ. ನಡುನಡುವೆ ಮಾತ್ರ ನಿಜವಾದ ದೋಷವಿದ್ದ ಡ್ರೈವರ್ ಸಿಗುತ್ತಿತ್ತು, ಅದಕ್ಕೆ ಪ್ರತ್ಯೇಕ ಪ್ಯಾಚ್. ಸಾವಿರ ಸಪ್ಪೆ ಫೈಲುಗಳ ನಡುವೆ ಆ ಕೆಲವನ್ನು ಕಣ್ತಪ್ಪದಂತೆ ಗುರುತಿಸುವುದಕ್ಕೆ ಬೇಕಾದ ಏಕಾಗ್ರತೆಯನ್ನು ನೆನೆದರೆ ನನಗೆ ಈಗಲೂ ವಿಸ್ಮಯ. 2024ರ ಸೆಪ್ಟೆಂಬರಿನ 6.11ರಲ್ಲಿ ಹಳೆಯ ರಿಮೂವ್ ಕೂಡ ವಾಯ್ಡ್ ಆಯಿತು. ಇನ್ನು ರಿಮೂವ್ ನ್ಯೂ ಎಂಬ ಹೆಸರಿಗೆ ಕೆಲಸವಿಲ್ಲ. ಎಲ್ಲವನ್ನೂ ಮತ್ತೆ ಹಳೆಯ ಹೆಸರಿಗೆ ತರಬೇಕು. ಆ ಬದಲಾವಣೆಗಳೂ ಹನಿಹನಿಯಾಗಿ ಬರತೊಡಗಿದಾಗ 2024ರ ಡಿಸೆಂಬರ್ 1ರಂದು ಲೈನಸ್ ಟೋರ್ವಾಲ್ಡ್ಸ್ ಸ್ವತಃ ಕೂತು ಉಳಿದ ಅಷ್ಟನ್ನೂ ಒಂದೇ ಬಾರಿಗೆ ಬದಲಿಸಿ, 6.13ರ ಮೊದಲ ಪರೀಕ್ಷಾ ಆವೃತ್ತಿಯೊಳಗೆ ಸೇರಿಸಿದರು.

ಇಂಥ ಕೆಲಸ ಲಿನಕ್ಸ್‌ನಲ್ಲಿ ಸಾಧ್ಯವಾದುದಕ್ಕೆ ಒಂದು ನೀತಿಯ ಬೆಂಬಲವಿದೆ. ಕರ್ನಲ್ ತನ್ನ ಒಳಗಿನ ಫಂಕ್ಷನ್‌ಗಳ ರೂಪವನ್ನು ಸ್ಥಿರವಾಗಿಡುತ್ತೇನೆಂದು ಯಾರಿಗೂ ಮಾತು ಕೊಟ್ಟಿಲ್ಲ. ಕರ್ನಲ್ ಮೇಲ್ವಿಚಾರಕ ಗ್ರೆಗ್ ಕ್ರೋ-ಹಾರ್ಟ್‌ಮನ್ ಇದರ ಸಮರ್ಥನೆಯನ್ನು ಕರ್ನಲ್‌ನ ದಾಖಲೆಗಳಲ್ಲೇ ಬರೆದಿಟ್ಟಿದ್ದಾರೆ. ಡ್ರೈವರುಗಳೆಲ್ಲ ಒಂದೇ ಮೂಲಕೋಡಿನ ಮರದಲ್ಲಿರುವುದರಿಂದ ತಪ್ಪಾದ ರೂಪವನ್ನು ತಿದ್ದುವವರು ಅದನ್ನು ಬಳಸುವ ಎಲ್ಲರನ್ನೂ ತಿದ್ದಬಹುದು, ತಿದ್ದಲೇಬೇಕು. ತಮ್ಮ ಡ್ರೈವರನ್ನು ಮರದ ಹೊರಗೆ ಇಟ್ಟುಕೊಂಡ ಕಂಪನಿಗಳಿಗೆ ಈ ಬದಲಾವಣೆ ಕಂಪೈಲ್ ದೋಷವಾಗಿ ಎದುರಾಗುತ್ತದೆ. ಅವರ ಬಗ್ಗೆ ನನಗೆ ಸಹಾನುಭೂತಿಯಿದೆ. ಆದರೂ ಬಾಗಿಲು ಒಳಗಿನಿಂದ ತೆರೆದೇ ಇದೆ, ಡ್ರೈವರನ್ನು ಮರಕ್ಕೆ ಸೇರಿಸಿದರೆ ಮುಂದಿನ ತಿದ್ದುಪಡಿಯನ್ನು ಬೇರೆಯವರೇ ಮಾಡಿಕೊಡುತ್ತಾರೆ.

ರೀತಿ ಶುದ್ಧವಾಯಿತು. ಇಷ್ಟಕ್ಕೆ ಒಳಗಿನ ಕೆಲಸ ಶುದ್ಧವಾಗುವುದಿಲ್ಲ. ರಿಮೂವ್‌ನ ನಿಜವಾದ ಕಷ್ಟ ಅನುಕ್ರಮದಲ್ಲಿದೆ. ಮದುವೆ ಚಪ್ಪರವನ್ನು ಬಿಚ್ಚುವವರು ಮೊದಲು ತೋರಣ, ಆಮೇಲೆ ಗರಿ, ಆಮೇಲೆ ಗಳ, ಕಟ್ಟಕಡೆಗೆ ಕಂಬ ಎಂದು ಹಾಕಿದ ಕ್ರಮಕ್ಕೆ ತಿರುಗುಮುರುಗಾಗಿ ಬಿಚ್ಚುತ್ತಾರೆ. ಇಲ್ಲಿಯೂ ಅದೇ ನಿಯಮ. ಮೊದಲು ಹೊಸ ಬೇಡಿಕೆಗಳು ಬರುವ ದಾರಿ ಮುಚ್ಚಬೇಕು, ಅಂದರೆ ಸಾಧನವನ್ನು ಅದರ ವಿಭಾಗದ ಪಟ್ಟಿಯಿಂದ ತೆಗೆಯಬೇಕು. ಆಮೇಲೆ ಇಂಟರಪ್ಟ್ ನಿಲ್ಲಿಸಬೇಕು. ಆಮೇಲೆ ಹಿನ್ನೆಲೆಯಲ್ಲಿ ಓಡುವ ವರ್ಕ್ ಮತ್ತು ಟೈಮರುಗಳನ್ನು ರದ್ದು ಮಾಡಿ, ಈಗಾಗಲೇ ಓಡುತ್ತಿರುವುದು ಮುಗಿಯುವವರೆಗೆ ಕಾಯಬೇಕು. ಡಿಎಂಎ ನಿಲ್ಲಿಸಬೇಕು, ಇಲ್ಲದಿದ್ದರೆ ನಾವು ಹಿಂದಿರುಗಿಸಿದ ಮೆಮೊರಿಯ ಮೇಲೆ ಹಾರ್ಡ್‌ವೇರ್ ಬರೆಯುತ್ತಲೇ ಇರುತ್ತದೆ. ಕೊನೆಗೆ ಕ್ಲಾಕ್, ವಿದ್ಯುತ್, ಮೆಮೊರಿ.

ಈ ಕ್ರಮದಲ್ಲಿ ಒಂದೇ ಒಂದು ಸಾಲು ಮರೆತರೆ ಏನಾಗುತ್ತದೆ ಎಂಬುದಕ್ಕೆ 2023ರ ಭದ್ರತಾ ದೋಷಗಳ ದಾಖಲೆಗಳು (ಸಿವಿಇ) ಸಾಕ್ಷಿ. ಸಿವಿಇ-2023-1989 ಎಂಬ ಸಂಖ್ಯೆಯ ದೋಷ ಎಸ್‌ಡಿಐಒ ಬ್ಲೂಟೂತ್ ಡ್ರೈವರಿನದು. ಅದರ ರಿಮೂವ್, ಬಾಕಿ ಉಳಿದ ವರ್ಕ್ ಮುಗಿಯುವುದನ್ನು ಕಾಯುತ್ತಿರಲಿಲ್ಲ. ಸಾಧನದ ರಚನೆಯನ್ನು ಬಿಡುಗಡೆ ಮಾಡಿದ ಮೇಲೆ ಆ ವರ್ಕ್ ಎದ್ದು ಅದೇ ರಚನೆಯನ್ನು ಮುಟ್ಟಬಹುದಿತ್ತು. ಅದೇ ವರ್ಷದ ಸಿವಿಇ-2023-1855, ಎಕ್ಸ್-ಜೀನ್ ಚಿಪ್ಪಿನ ಉಷ್ಣತೆ ಅಳೆಯುವ ಡ್ರೈವರಿನದು. ಅದೂ ರಿಮೂವ್ ದಾರಿಯದೇ, ಅದೂ ವರ್ಕ್ ಬಗೆಯದೇ. ಇಂಥವು ಆ ವರ್ಷ ಇನ್ನೂ ಹಲವಿದ್ದವು. ಬ್ಲೂಟೂತ್ ಡ್ರೈವರಿಗೆ ಬೇಕಾದ ಪರಿಹಾರವೆಂದರೆ ವರ್ಕ್ ರದ್ದು ಮಾಡಿ ಕಾಯುವ ಒಂದು ಕರೆ.

ಒಂದು ಕರೆಯಿಂದಲೂ ಬಗೆಹರಿಯದ ಗಂಟುಗಳಿವೆ. ಒಂದು ಡ್ರೈವರಿನಲ್ಲಿ ಟೈಮರ್ ಮುಗಿದಾಗ ವರ್ಕ್ ಏಳುತ್ತದೆ, ವರ್ಕ್ ಓಡಿದಾಗ ಟೈಮರನ್ನು ಮತ್ತೆ ಹಚ್ಚುತ್ತದೆ. ರಿಮೂವ್‌ನಲ್ಲಿ ಮೊದಲು ಯಾವುದನ್ನು ನಿಲ್ಲಿಸುತ್ತೀರಿ? ಟೈಮರನ್ನು ಮೊದಲು ನಿಲ್ಲಿಸಿದರೆ ವರ್ಕ್ ಅದನ್ನು ಮತ್ತೆ ಹಚ್ಚುತ್ತದೆ. ವರ್ಕನ್ನು ಮೊದಲು ನಿಲ್ಲಿಸಿದರೆ ಟೈಮರ್ ಅದನ್ನು ಮತ್ತೆ ಎಬ್ಬಿಸುತ್ತದೆ. ಎಷ್ಟೋ ವರ್ಷ ಡ್ರೈವರುಗಳು ಇದಕ್ಕೆ ತಮ್ಮದೇ ಗುರುತುಗಳನ್ನು ಇಟ್ಟುಕೊಂಡು ಹೆಣಗಿದವು. ಅವುಗಳಲ್ಲಿ ತಪ್ಪಿದವೂ ಇದ್ದವು. 2023ರ ಫೆಬ್ರವರಿಯ 6.2ರಲ್ಲಿ ಟೈಮರ್ ಶಟ್‌ಡೌನ್ ಎಂಬ ಹೊಸ ಕರೆ ಬಂತು. ಅದು ಟೈಮರನ್ನು ನಿಲ್ಲಿಸುವುದಷ್ಟೇ ಅಲ್ಲದೆ, ಮುಂದೆ ಯಾರು ಹಚ್ಚಲು ಬಂದರೂ ಸುಮ್ಮನೆ ಮರಳುವಂತೆ ಮಾಡುತ್ತದೆ. ಮೊದಲು ಟೈಮರಿಗೆ ಶಟ್‌ಡೌನ್, ನಂತರ ವರ್ಕ್ ರದ್ದು; ಗಂಟು ಬಿಚ್ಚಿತು.

ಹಾರ್ಡ್‌ವೇರ್ ಮಾಯವಾದಾಗಿನ ಇನ್ನೊಂದು ಸಂಗತಿ ಗಮನಿಸಿ. ಕಿತ್ತುಹೋದ ಪಿಸಿಐ ಸಾಧನದ ರಿಜಿಸ್ಟರ್ ಓದಿದರೆ ದೋಷ ಬರುವುದಿಲ್ಲ. ಎಲ್ಲ ಬಿಟ್‌ಗಳೂ ಒಂದು ಎಂದು ಬರುತ್ತದೆ. ಡ್ರೈವರ್ ಏನು ಮಾಡುತ್ತಿದೆ? ಕಾರ್ಯನಿರತ ಎಂಬ ಬಿಟ್ ಸೊನ್ನೆಯಾಗುವವರೆಗೆ ಓದುತ್ತ ಕಾಯುತ್ತಿದೆ. ಆ ಬಿಟ್ ಇನ್ನೆಂದೂ ಸೊನ್ನೆಯಾಗದು. ರಿಮೂವ್ ಮುಗಿಯದು, ಅದು ಹಿಡಿದ ಬೀಗ ಬಿಡದು. ಆದ್ದರಿಂದಲೇ ಕಾಯುವ ಪ್ರತಿ ಸುತ್ತಿಗೂ ಒಂದು ಕಾಲಮಿತಿ ಬೇಕು, ಎಲ್ಲ ಒಂದು ಬಂದರೆ ಸಾಧನವೇ ಇಲ್ಲ ಎಂದು ತಿಳಿಯುವ ಪರೀಕ್ಷೆ ಬೇಕು.

ಡೆವ್‌ಎಮ್ ಎಂದು ನಾವೆಲ್ಲ ಕರೆಯುವ ಸೌಲಭ್ಯದ ಬಗ್ಗೆ ಹೇಳದೆ ಈ ವಿಷಯ ಪೂರ್ಣವಾಗದು. 2007ರಲ್ಲಿ 2.6.21ಕ್ಕೆ ಕರ್ನಲ್ ಡೆವಲಪರ್ ತೇಜುನ್ ಹಿಯೋ ತಂದ ಈ ವ್ಯವಸ್ಥೆಯಲ್ಲಿ ಪ್ರೋಬ್ ಪಡೆದ ಮೆಮೊರಿ, ಇಂಟರಪ್ಟ್ ಇವನ್ನೆಲ್ಲ ಕರ್ನಲ್ ಸಾಧನದ ಹೆಸರಿನಲ್ಲಿ ಬರೆದಿಟ್ಟು, ರಿಮೂವ್ ಆದ ಮೇಲೆ ತಾನೇ ತಿರುಗುಮುರುಗು ಕ್ರಮದಲ್ಲಿ ಬಿಡುಗಡೆ ಮಾಡುತ್ತದೆ. ಸಾವಿರಾರು ಸೋರಿಕೆಗಳನ್ನು ಇದು ತಡೆದಿದೆ. ಎಷ್ಟೋ ಡ್ರೈವರುಗಳಿಗೆ ಈಗ ರಿಮೂವ್ ಫಂಕ್ಷನ್ನೇ ಬೇಕಿಲ್ಲ. ಆದರೆ ಅರ್ಧ ಡೆವ್‌ಎಮ್, ಅರ್ಧ ಕೈಯಾರೆ ಬರೆದ ಡ್ರೈವರಿನಲ್ಲಿ ಕ್ರಮ ಕೆಡುತ್ತದೆ: ರಿಮೂವ್ ಕೈಯಾರೆ ಕ್ಲಾಕ್ ಆರಿಸಿತು, ಡೆವ್‌ಎಮ್ ಮೂಲಕ ಪಡೆದ ಇಂಟರಪ್ಟ್ ಇನ್ನೂ ಜೀವಂತ, ಆ ನಡುವಿನ ಕ್ಷಣದಲ್ಲಿ ಇಂಟರಪ್ಟ್ ಬಂದರೆ ಕ್ಲಾಕ್ ಇಲ್ಲದ ಸಾಧನವನ್ನು ಓದಿ ಕೆಲವು ಚಿಪ್ಪುಗಳಲ್ಲಿ ಇಡೀ ವ್ಯವಸ್ಥೆ ನಿಂತುಹೋಗುತ್ತದೆ. ಒಂದನ್ನು ಡೆವ್‌ಎಮ್‌ಗೆ ಕೊಟ್ಟರೆ ಅದಕ್ಕಿಂತ ಮೊದಲು ಪಡೆದದ್ದನ್ನೆಲ್ಲ ಅದಕ್ಕೇ ಕೊಡಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇದಕ್ಕೇ.

ಇದಕ್ಕಿಂತ ಆಳದ ಪ್ರಶ್ನೆ ಬಳಕೆದಾರ ತೆರೆದಿಟ್ಟ ಫೈಲಿನದು. ರಿಮೂವ್ ಮುಗಿಯಿತು, ಡೆವ್‌ಎಮ್ ಖಾಸಗಿ ಮೆಮೊರಿಯನ್ನು ಹಿಂದಿರುಗಿಸಿತು. ಆದರೆ ಒಂದು ಪ್ರೋಗ್ರಾಮ್ ಆ ಸಾಧನದ ಫೈಲನ್ನು ಇನ್ನೂ ಮುಚ್ಚಿಲ್ಲ. ಅದು ಮುಂದೆ ಓದಲು ಬಂದಾಗ, ಅಥವಾ ಕೊನೆಗೆ ಮುಚ್ಚಿದಾಗಲೂ, ಡ್ರೈವರಿನ ಕೋಡ್ ಹೋದ ಮೆಮೊರಿಯನ್ನು ಮುಟ್ಟುತ್ತದೆ. ಸಾಧನದ ಆಯುಸ್ಸೇ ಬೇರೆ, ಫೈಲಿನ ಆಯುಸ್ಸೇ ಬೇರೆ. ಮೆಮೊರಿ ಎರಡರಲ್ಲಿ ಉದ್ದದ್ದನ್ನು ಅನುಸರಿಸಬೇಕು. 2022ರಲ್ಲಿ ಡಬ್ಲಿನ್‌ನಲ್ಲಿ ನಡೆದ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಕರ್ನಲ್ ಡೆವಲಪರ್ ಲೊರಾಂ ಪಿಂಚಾರ್ ಇದನ್ನೇ ಎತ್ತಿಕೊಂಡು, ಖಾಸಗಿ ದತ್ತಕ್ಕೆ ಡೆವ್‌ಎಮ್ ಮೆಮೊರಿ ಬಳಸುವುದು ಹಾನಿಕರ ಎಂದು ವಾದಿಸಿದರು. ಆ ವಾದ ಸರಿ ಎಂದು ನನ್ನ ಅಭಿಪ್ರಾಯ. ಅದರ ಭಾರವನ್ನು ಮಾತ್ರ ಪ್ರತಿ ಡ್ರೈವರ್ ಲೇಖಕನ ತಲೆಗೆ ಕಟ್ಟಬಾರದು, ವಿಭಾಗಗಳು ಹೊರಬೇಕು. ಗ್ರಾಫಿಕ್ಸ್ ವಿಭಾಗ ಸಾಧನ ಹೋಗಿದೆಯೇ ಎಂದು ನೋಡಿಕೊಂಡೇ ಹಾರ್ಡ್‌ವೇರ್ ಮುಟ್ಟುವಂಥ ಪ್ರವೇಶ-ನಿರ್ಗಮನ ಕರೆಗಳನ್ನು ಒದಗಿಸಿದೆ. ಜಿಪಿಐಒ ವಿಭಾಗ 2024ರ 6.9ರಲ್ಲಿ ಎಸ್‌ಆರ್‌ಸಿಯು ಎಂಬ ತಂತ್ರದ ನೆರವಿನಿಂದ ತನ್ನ ಒಳರಚನೆಯನ್ನೇ ಬದಲಿಸಿಕೊಂಡಿತು: ಚಿಪ್ ಹೋದ ಮೇಲೆ ಬಂದ ಬೇಡಿಕೆಗೆ ಸಾಧನವಿಲ್ಲ ಎಂಬ ಉತ್ತರ ಸಿಗುತ್ತದೆ, ನಡುವೆ ಇದ್ದವರು ಮುಗಿಸುವವರೆಗೆ ಬಿಡುಗಡೆ ಕಾಯುತ್ತದೆ. ಕರ್ನಲ್‌ನ ರಸ್ಟ್ ಭಾಗದಲ್ಲಿ ಸಂಪನ್ಮೂಲವನ್ನು ಹಿಂಪಡೆಯಬಹುದಾದ ಹೊದಿಕೆಯೊಳಗಿಟ್ಟು, ಪ್ರತಿ ಬಾರಿ ಬಳಸುವ ಮುನ್ನ ಅದು ಇನ್ನೂ ಇದೆಯೇ ಎಂದು ಕೇಳುವಂತೆ ಭಾಷೆಯೇ ಒತ್ತಾಯಿಸುತ್ತದೆ.

ವಿದ್ಯಾರ್ಥಿಗಳಿಗೆ ಕೈಗೆಟಕುವ ಒಂದು ಕೆಲಸ ಹೇಳುತ್ತೇನೆ, ಅದಕ್ಕೆ ದುಬಾರಿ ಪ್ರಯೋಗಾಲಯ ಬೇಡ. ಕರ್ನಲ್ ಕಟ್ಟುವಾಗ ಡಿಬಗ್ ಟೆಸ್ಟ್ ಡ್ರೈವರ್ ರಿಮೂವ್ ಎಂಬ ಆಯ್ಕೆಯಿದೆ. ಅದನ್ನು ಹಾಕಿದರೆ ಪ್ರತಿ ಡ್ರೈವರನ್ನೂ ಕರ್ನಲ್ ಪ್ರೋಬ್ ಮಾಡಿ, ಕೂಡಲೇ ರಿಮೂವ್ ಮಾಡಿ, ಮತ್ತೆ ಪ್ರೋಬ್ ಮಾಡುತ್ತದೆ. ಜೊತೆಗೆ ಮೆಮೊರಿ ದುರ್ಬಳಕೆ ಹಿಡಿಯುವ ಕೆಸಾನ್ ಹಾಕಿ. ಒಂದು ಅಗ್ಗದ ಬೋರ್ಡಿನಲ್ಲಿ ಇದನ್ನು ಬೂಟ್ ಮಾಡಿ ಕನ್ಸೋಲ್‌ನಲ್ಲಿ ಬರುವುದನ್ನು ಸಾಲು ಸಾಲಾಗಿ ಓದಿ. ಎರಡನೆಯ ಪ್ರೋಬ್‌ನಲ್ಲಿ ಸಂಪನ್ಮೂಲ ಈಗಾಗಲೇ ಬಳಕೆಯಲ್ಲಿದೆ ಎಂಬ ದೋಷ ಬಂದರೆ ಮೊದಲ ರಿಮೂವ್ ಏನನ್ನೋ ಬಿಟ್ಟಿದೆ ಎಂದರ್ಥ; ಡ್ರೈವರ್ ತೆರೆದು ಹುಡುಕಿ. ಈ ಪರೀಕ್ಷೆ ಬೂಟ್ ಸಮಯದ್ದು, ಆಗ ಯಾರೂ ಫೈಲು ತೆರೆದಿರುವುದಿಲ್ಲ. ತೆರೆದ ಫೈಲಿನ ದೋಷಗಳು ಇದಕ್ಕೆ ಸಿಗುವುದಿಲ್ಲ. ಅವಕ್ಕಾಗಿ ಸಾಧನದ ಫೈಲನ್ನು ತೆರೆದು ಹಿಡಿದಿರುವ ಒಂದು ಸಣ್ಣ ಪ್ರೋಗ್ರಾಮ್ ಬರೆಯಿರಿ, ಅದು ಓದುತ್ತಿರುವಾಗಲೇ ಇನ್ನೊಂದು ಟರ್ಮಿನಲ್ಲಿನಿಂದ ಅನ್‌ಬೈಂಡ್ ಮಾಡಿ, ಆಮೇಲೆ ಪ್ರೋಗ್ರಾಮ್ ಮತ್ತೊಮ್ಮೆ ಓದಲಿ, ಕೊನೆಗೆ ಮುಚ್ಚಲಿ. ಕೆಸಾನ್ ವರದಿ ಬಂದರೆ ಅದರಲ್ಲಿ ಮೆಮೊರಿ ಎಲ್ಲಿ ಹಂಚಿಕೆಯಾಯಿತು, ಎಲ್ಲಿ ಬಿಡುಗಡೆಯಾಯಿತು, ಆಮೇಲೆ ಯಾರು ಮುಟ್ಟಿದರು ಎಂಬ ಮೂರೂ ಜಾಡುಗಳಿರುತ್ತವೆ. ಆ ಮೂರನ್ನೂ ಹಾಗೆಯೇ ಪ್ಯಾಚ್‌ನ ವಿವರಣೆಯಲ್ಲಿ ಸೇರಿಸಿ ಆ ಡ್ರೈವರಿನ ಮೇಲ್ವಿಚಾರಕರಿಗೆ ಕಳಿಸಿ.